ಅಡುಗೆಮನೆಯ ಮೇಲಿನ ಕಿಂಡಿ ಮುಚ್ಚಬೇಡಿ



ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಸಿಲಿಂಡರ್ ಬದಲು ಕೊಳವೆಯಲ್ಲೇ ಗ್ಯಾಸ್ ಬರುತ್ತಿದೆ. ಎರಡೂ ಒಂದೇ ಎಂದು ತಿಳಿದವರು ಬಹಳ. ಅದು ತಪ್ಪು.

ಸಿಲಿಂಡರಿನ ಎಲ್‌ಪಿಜಿ ಎಂದರೆ ಪ್ರೊಪೇನ್, ಬ್ಯುಟೇನ್‌ಗಳ ಮಿಶ್ರಣ. ಗಾಳಿಗಿಂತ ಭಾರವಾದ್ದರಿಂದ ಸೋರಿದಾಗ ನೆಲಮಟ್ಟದಲ್ಲಿ ಹರಡುತ್ತದೆ. ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲದ ಬಹುಪಾಲು ಮೀಥೇನ್. ಅದು ಗಾಳಿಗಿಂತ ಹಗುರ. ಸೋರಿದರೆ ಮೇಲೇರಿ ಚಾವಣಿಯಡಿ ಸೇರುತ್ತದೆ. ಇದೇ ಅನಿಲವನ್ನು ಸುಮಾರು 200 ಬಾರ್ ಒತ್ತಡದಲ್ಲಿ ತುಂಬಿದರೆ ವಾಹನಗಳ ಸಿಎನ್‌ಜಿ. ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಣಿಸಿದರೆ, ಗಾತ್ರ ಸುಮಾರು 600 ಪಟ್ಟು ಕುಗ್ಗಿ, ಹಡಗಿನಲ್ಲಿ ಸಾಗಿಸಬಲ್ಲ ಎಲ್‌ಎನ್‌ಜಿ.

ಧೂಳು, ಸೊಳ್ಳೆ ಬರುತ್ತವೆಂದು ಅಡುಗೆಮನೆಯ ವೆಂಟಿಲೇಟರಿಗೆ ಗಾಜು ಹಾಕಿಸಿ ಮುಚ್ಚುವ ರೂಢಿ ನಮ್ಮಲ್ಲಿದೆ. ಕೊಳವೆ ಅನಿಲ ಬಂದ ಮನೆಯಲ್ಲಿ ಇದು ಅಪಾಯ. ಸೋರಿದ ಅನಿಲ ಹೊರಹೋಗಲು ಇರುವ ದಾರಿಯೇ ಆ ಕಿಂಡಿ. ಸೊಳ್ಳೆ ಪರದೆ ಹಾಕಿಸಿ, ಗಾಳಿಯಾಡಲು ಬಿಡಿ. ವಾಸನೆ ಬಂದರೆ ಕವಾಟ ಮುಚ್ಚಿ, ಕಿಟಕಿ ತೆರೆಯಿರಿ; ಯಾವ ಸ್ವಿಚ್ಚನ್ನೂ ಮುಟ್ಟಬೇಡಿ.

ಸಂಪರ್ಕ ಕೊಡುವ ಕಂಪನಿಗಳು ಈ ವ್ಯತ್ಯಾಸವನ್ನು ಕನ್ನಡದ ಕರಪತ್ರದಲ್ಲಿ ಪ್ರತಿ ಮನೆಗೂ ತಿಳಿಸಬೇಕು. ಬಾಡಿಗೆ ಮನೆಗಳ ಮಾಲೀಕರೂ ಮುಚ್ಚಿಸಿದ ಕಿಂಡಿಗಳನ್ನು ಕೂಡಲೇ ತೆರೆಸಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು, ಬೆಂಗಳೂರು