ಕಲ್ಲು ನಮ್ಮದು, ಓದುವವರು ಯಾರು?

ನನ್ನ ತಂಗಿಯ ಗಂಡ ಬೋರ್‌ವೆಲ್ ಲಾರಿ ಇಟ್ಟುಕೊಂಡು ಬಳ್ಳಾರಿ, ಕೊಪ್ಪಳದ ಹಳ್ಳಿಗಳನ್ನೆಲ್ಲ ಸುತ್ತಿದವನು. ಅವನ ಮಗಳು ಪಿಯುಸಿ ಮುಗಿಸಿ, ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ಓದುತ್ತೇನೆಂದು ಹಟ ಹಿಡಿದಾಗ ಮನೆಯಲ್ಲಿ ಪಂಚಾಯ್ತಿ ಸೇರಿತು. ‘ಭಾಯಿಜಾನ್, ನೀವಾದರೂ ಬುದ್ಧಿ ಹೇಳಿ. ಕಲ್ಲು ಓದಿದವರಿಗೆ ಯಾರು ನೌಕರಿ ಕೊಡುತ್ತಾರೆ?’ ಎಂದ ಅವನು. ಹುಡುಗಿ ನನ್ನ ಕಡೆ ತಿರುಗಿ, ‘ಮಾಮೂ, ಅಬ್ಬಾ ಇಪ್ಪತ್ತು ವರ್ಷದಿಂದ ನೆಲ ಕೊರೆಯುತ್ತಿದ್ದಾರೆ. ಎಷ್ಟೋ ಕಡೆ ಬರೀ ಧೂಳು ಬಂದಿದೆ. ಯಾಕೆ ಬಂತು ಅಂತ ಅವರಿಗೆ ಒಬ್ಬರಾದರೂ ಹೇಳಿದ್ದಾರಾ?’ ಎಂದಳು. ಅಪ್ಪ ಸುಮ್ಮನಾದ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ತೋರಿಸುವವನು ಕೊರೆಯುವ ಮೊದಲೇ ದುಡ್ಡು ಎಣಿಸಿಕೊಂಡು ಹೋಗುತ್ತಾನೆ. ಸಾಲ ಉಳಿಯುವುದು ರೈತನ ತಲೆಯ ಮೇಲೆ. ನಮ್ಮ ಗಟ್ಟಿ ಬಂಡೆಯ ನೆಲದಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ ಮಾತ್ರ. ಆ ಬಿರುಕು ಯಾವ ದಿಕ್ಕಿಗಿದೆಯೆಂದು ಹುಡುಕುವ ವಿದ್ಯೆಗೆ ಭೂವಿಜ್ಞಾನ ಎನ್ನುತ್ತಾರೆ.

ಮರುದಿನ ಪಂಚಾಯ್ತಿಯ ವಿಷಯ ಬದಲಾಯಿತು: ಯಾವ ಕಾಲೇಜು? ಒಬ್ಬರಿಗೆ ಕಟ್ಟಡ ಚೆನ್ನಾಗಿರಬೇಕು, ಇನ್ನೊಬ್ಬರಿಗೆ ಬಸ್ಸು ಮನೆಬಾಗಿಲಿಗೆ ಬರಬೇಕು, ಮತ್ತೊಬ್ಬರಿಗೆ ಪೇಪರಿನಲ್ಲಿ ಅದರ ಜಾಹೀರಾತು ಕಾಣಬೇಕು. ಮದುವೆ ಮಂಟಪ ಆರಿಸುವ ಹಾಗೆ ನಾವು ಕಾಲೇಜು ಆರಿಸುತ್ತೇವೆ. ನನ್ನ ತಕರಾರು ಇದರ ಬಗ್ಗೆಯೇ.

ಡಿ.ಎನ್. ವಾಡಿಯಾ ಎಂಬ ಹೆಸರನ್ನು ಭೂವಿಜ್ಞಾನ ಓದಿದವರೆಲ್ಲ ಬಲ್ಲರು. 1907ರಲ್ಲಿ ಅವರು ಪಾಠ ಹೇಳಲು ಹೋದದ್ದು ಜಮ್ಮುವಿನ ಪ್ರಿನ್ಸ್ ಆಫ್ ವೇಲ್ಸ್ ಕಾಲೇಜಿಗೆ. ಕಲ್ಕತ್ತೆಯಲ್ಲ, ಮುಂಬಯಿಯಲ್ಲ. ಆದರೆ ಪಕ್ಕದಲ್ಲೇ ಹಿಮಾಲಯದ ತಪ್ಪಲಿತ್ತು. ರಜೆ ಬಂದರೆ ಬೆಟ್ಟ ಹತ್ತುತ್ತಿದ್ದರು. ಭಾರತದ ಭೂರಚನೆಯ ಬಗ್ಗೆ ಅವರು ಬರೆದ ಪುಸ್ತಕ 1919ರಲ್ಲಿ ಹೊರಬಂದಾಗಲೂ ಅವರು ಅಲ್ಲಿಯೇ ಮೇಷ್ಟರಾಗಿದ್ದರು. ಈ ವಿದ್ಯೆಗೆ ಬೋರ್ಡಿಗಿಂತ ಬೆಟ್ಟ ದೊಡ್ಡದು.

ಹಾಗಾದರೆ ಕಾಲೇಜಿಗೆ ಹೋಗಿ ಏನು ಕೇಳಬೇಕು? ವರ್ಷಕ್ಕೆ ಎಷ್ಟು ದಿನ ಮಕ್ಕಳನ್ನು ಬಯಲಿಗೆ ಕರೆದೊಯ್ಯುತ್ತೀರಿ? ಅವರು ಸ್ವತಃ ನಕ್ಷೆ ಬರೆಯುತ್ತಾರೋ, ಬಸ್ಸಿನ ಕಿಟಕಿಯಿಂದ ಬೆಟ್ಟ ನೋಡಿ ಬರುತ್ತಾರೋ? ಕಲ್ಲಿನ ತೆಳು ಸೀಳನ್ನು ನೋಡುವ ಸೂಕ್ಷ್ಮದರ್ಶಕ ಮಕ್ಕಳ ಕೈಗೆ ಸಿಗುತ್ತದೋ, ಬೀರುವಿನೊಳಗೆ ಬೀಗ ಹಾಕಿಕೊಂಡಿದೆಯೋ? ಪಾಠ ಹೇಳುವವರು ಕಾಯಂ ಅಧ್ಯಾಪಕರೋ, ಪ್ರತಿ ವರ್ಷ ಬದಲಾಗುವ ಅತಿಥಿ ಉಪನ್ಯಾಸಕರೋ? ಅಲ್ಲಿ ಪಡೆದ ಪದವಿಯಿಂದ ಎಂ.ಎಸ್ಸಿ.ಗೆ ಪ್ರವೇಶ ಸಿಗುತ್ತದೆಯೋ? ಕೊನೆಯ ಪ್ರಶ್ನೆಯನ್ನು ಮರೆಯುವಂತಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯ ಭೂವಿಜ್ಞಾನಿ ಹುದ್ದೆಗೆ ಯುಪಿಎಸ್‌ಸಿ ನಡೆಸುವ ಪರೀಕ್ಷೆಗೆ ಸ್ನಾತಕೋತ್ತರ ಪದವಿ ಬೇಕು. ಬರೀ ಬಿ.ಎಸ್ಸಿ. ಸಾಲದು.

ದೊಡ್ಡ ಹೆಸರಿಗೆ ಬೆಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮೊದಲ ಪದವಿಗೆ ನೆಲ ಮತ್ತು ಗುರುವನ್ನು ನೋಡಿ, ಹೆಸರನ್ನು ಆಮೇಲೆ ನೋಡಿದರಾಯಿತು. ಸಣ್ಣ ಊರಿನ ಬಿ.ಎಸ್ಸಿ. ವಿದ್ಯಾರ್ಥಿಯೂ ‘ಜಾಮ್’ ಪರೀಕ್ಷೆ ಬರೆದು ಮುಂಬಯಿ, ರೂರ್ಕಿ, ಧನಬಾದ್‌ನ ಐಐಟಿಗಳಿಗೆ ಎಂ.ಎಸ್ಸಿ.ಗೆ ಹೋಗಬಹುದು. ಮೈಸೂರಿನಲ್ಲಿ, ಧಾರವಾಡದಲ್ಲಿ ಸ್ನಾತಕೋತ್ತರ ವಿಭಾಗಗಳಿವೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿ ಕಡಲಿನ ಭೂವಿಜ್ಞಾನವನ್ನೇ ಕಲಿಸುತ್ತಾರೆ.

ನೆಲದ ವಿಷಯದಲ್ಲಿ ನಾವು ಬಡವರಲ್ಲ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ನೀರಿನಡಿಯಲ್ಲಿ ಉಕ್ಕಿ ತಲೆದಿಂಬಿನಂತೆ ಗಟ್ಟಿಯಾದ ಲಾವಾ ಇದೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಲ್ಲಿನ ಕಂಬಗಳ ಸಾಲಿದೆ. ಧಾರವಾಡದ ಹೆಸರು, ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿವೆ. ಹಟ್ಟಿಯಲ್ಲಿ ಚಿನ್ನ ತೆಗೆಯುತ್ತಾರೆ. ಸಂಡೂರಿನ ಗುಡ್ಡಗಳ ಕಬ್ಬಿಣ 250 ಕೋಟಿ ವರ್ಷಕ್ಕೂ ಹಿಂದಿನದು. ಆ ಗುಡ್ಡಗಳನ್ನು ಅಗೆದು ಸಾಗಿಸುವಾಗ ನಮ್ಮ ಹುಡುಗರು ಕಾಲೇಜು ಬಿಟ್ಟು ಲಾರಿ ಹತ್ತಿದರು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ನಿಂತವು, ಹುಡುಗರೂ ನಿಂತರು. ಅಗೆಯುವುದು, ಹೊರುವುದು, ಧೂಳು ಕುಡಿಯುವುದು ನಮ್ಮ ಪಾಲು. ಗುಡ್ಡದ ನಕ್ಷೆ ಓದುವವರು ಮಾತ್ರ ಬೇರೆ ಎಲ್ಲಿಂದಲೋ ಬರಬೇಕೇ?

ನನ್ನ ಸಮುದಾಯದವರಿಗೂ ಒಂದು ಮಾತು. ಭೂಗರ್ಭಶಾಸ್ತ್ರಕ್ಕೆ ಉರ್ದುವಿನಲ್ಲಿ ‘ಅರ್ಜಿಯಾತ್’ ಎಂಬ ಸೊಗಸಾದ ಶಬ್ದವಿದೆ. ಅಲ್ ಬಿರೂನಿ ಸಾವಿರ ವರ್ಷದ ಹಿಂದೆಯೇ, ಬೆಟ್ಟದ ಬಳಿ ನದಿಯ ಕಲ್ಲುಗಳು ದಪ್ಪ, ದೂರ ಹೋದಂತೆ ಸಣ್ಣ, ಕೊನೆಗೆ ಮರಳು ಎಂಬುದನ್ನು ಗಮನಿಸಿ, ಉತ್ತರ ಭಾರತದ ಬಯಲು ಒಮ್ಮೆ ಕಡಲಾಗಿತ್ತು, ನದಿಗಳ ಹೂಳಿನಿಂದ ತುಂಬಿತು ಎಂದು ಬರೆದ. ಜಲಸಾಗಳಲ್ಲಿ ಅವನ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುತ್ತೇವೆ. ಮನೆಯ ಹುಡುಗಿ ಸುತ್ತಿಗೆ ಹಿಡಿದು ಗುಡ್ಡಕ್ಕೆ ಹೋಗುತ್ತೇನೆಂದರೆ ಬಾಗಿಲು ಹಾಕುತ್ತೇವೆ. ಬಿರೂನಿ ಮನೆಯಲ್ಲಿ ಕುಳಿತು ಅದನ್ನೆಲ್ಲ ಕಂಡನೇ?

ಹೆಣ್ಣುಮಕ್ಕಳಿಗೆ ಇದು ಆಗದ ಕೆಲಸ ಎನ್ನುವವರು ಕೇಳಲಿ. 1983ರಲ್ಲಿ ಅಂಟಾರ್ಕ್ಟಿಕಾಕ್ಕೆ ಹೊರಟ ಭಾರತದ ತಂಡದಲ್ಲಿ ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತಾ ಇದ್ದರು. 1952ರ ಗಣಿ ಕಾಯ್ದೆ ಹೆಂಗಸರು ಭೂಮಿಯೊಳಗಿನ ಗಣಿಗಳಲ್ಲಿ ದುಡಿಯುವುದನ್ನು ತಡೆದಿತ್ತು. 2019ರಲ್ಲಿ ಕೇಂದ್ರ ಸರಕಾರ ತಾಂತ್ರಿಕ ಹಾಗೂ ಮೇಲ್ವಿಚಾರಣೆಯ ಕೆಲಸಗಳಿಗೆ ಷರತ್ತುಗಳೊಡನೆ ಅವಕಾಶ ಕೊಟ್ಟಿತು. ಕಾನೂನೇ ಸಡಿಲವಾದ ಮೇಲೂ ನಮ್ಮ ಬಿಗಿ ಯಾಕೆ ಸಡಿಲವಾಗುವುದಿಲ್ಲ?

ಸರಕಾರವೂ ತಪ್ಪಿಸಿಕೊಳ್ಳುವಂತಿಲ್ಲ. ನಾವು ವಿಚಾರಿಸಲು ಹೋದ ಒಂದು ಕಾಲೇಜಿನಲ್ಲಿ, ಮಕ್ಕಳು ಬರುತ್ತಿಲ್ಲವೆಂದು ಭೂವಿಜ್ಞಾನ ವಿಭಾಗವನ್ನೇ ಮುಚ್ಚಿದ್ದೇವೆ ಎಂದರು. ಅಧ್ಯಾಪಕರನ್ನು ಕೊಡದೆ, ಬಯಲಿಗೆ ಹೋಗಲು ಬಸ್ಸಿನ ಖರ್ಚು ಕೊಡದೆ, ಹುಡುಗಿಯರಿಗೆ ಹಾಸ್ಟೆಲ್ ಕೊಡದೆ ಮಕ್ಕಳು ಹೇಗೆ ಬರುತ್ತಾರೆ? ನೆಲದಿಂದ ಬರುವ ರಾಜಧನವನ್ನು ಖಜಾನೆಗೆ ತುಂಬಿಕೊಳ್ಳುವವರು, ಆ ನೆಲವನ್ನು ಓದಿಸುವ ಒಂದು ಕೋಣೆಯನ್ನು ಉಳಿಸಿಕೊಳ್ಳಲಾರರೆ?

ತಂಗಿಯ ಮಗಳು ಕೊನೆಗೆ ದೂರದ, ಹೆಂಚಿನ ಮಾಡಿನ ಹಳೆಯ ಕಾಲೇಜೊಂದನ್ನು ಆರಿಸಿಕೊಂಡಳು. ಅಲ್ಲಿನ ಮೇಷ್ಟರ ಬೂಟಿನಲ್ಲಿ ಕೆಮ್ಮಣ್ಣು ಮೆತ್ತಿತ್ತು. ಅವಳಿಗೆ ಅಷ್ಟೇ ಸಾಕಾಯಿತು. ನಿಮ್ಮ ಮನೆಯಲ್ಲೂ ಇಂಥ ಹುಡುಗಿ ಇದ್ದರೆ, ಕಾಲೇಜಿನ ಗೇಟನ್ನು ನೋಡಿ ಹಿಂದಿರುಗಬೇಡಿ. ಒಳಗೆ ಹೋಗಿ ಮೇಷ್ಟರ ಬೂಟು ನೋಡಿ.