ಮಕ್ಕಳ ಕೈಗೆ ಸಿಗದಂತೆ ಇಡಿ

ಕಕ್ಕಸು ತೊಳೆಯುವ ಆಸಿಡ್ ಬಾಟ್ಲಿಯನ್ನು ತಿರುಗಿಸಿ ಹಿಂಬದಿ ಓದಿ. ಮಕ್ಕಳ ಕೈಗೆ ಸಿಗದಂತೆ ಇಡಿ ಎಂದಿರುತ್ತದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಕಣ್ಣಿಗೆ ತಾಗಿದರೆ ನೀರಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಿ, ಬೇರೆ ಯಾವುದರ ಜೊತೆಗೂ ಬೆರೆಸಬೇಡಿ ಎಂದೂ ಇರುತ್ತದೆ. ಇಷ್ಟನ್ನೂ ಅಚ್ಚು ಹಾಕಿರುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣ ಅಕ್ಷರದಲ್ಲಿ. ಪೊಟ್ಟಣದ ಮೇಲಿನ ವಿವರ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಸಾಕು ಎನ್ನುತ್ತದೆ ಕೇಂದ್ರದ 2011ರ ನಿಯಮ. ಹಾಗಾಗಿ ಹಳ್ಳಿಯ ಐದನೇ ಕ್ಲಾಸಿನ ಹುಡುಗಿಗೆ ಆ ಬಾಟ್ಲಿ ಏನನ್ನೂ ಹೇಳುವುದಿಲ್ಲ. ಅವಳಿಗೆ ಹೇಳುವವರು ಮೇಷ್ಟ್ರು: "ಏ, ಬಕೀಟು ತಗಂಡು ಹೋಗಿ ಇದನ್ನ ಕಕ್ಕಸಿಗೆ ಹಾಕಿ ಉಜ್ಜು, ಹೋಗು."

ಮಕ್ಕಳ ಕೈಗೆ ಸಿಗಬಾರದ ವಸ್ತುವನ್ನು ಮಕ್ಕಳ ಕೈಗೇ ಕೊಟ್ಟು ಶಾಲೆ ನಡೆಸುತ್ತಿರುವ ದೇಶ ನಮ್ಮದು. ನಾನು ಇದನ್ನು ಕೋಪದಲ್ಲೇ ಬರೆಯುತ್ತಿದ್ದೇನೆ. ಸಮಾಧಾನದಿಂದ ಬರೆಯುವ ವಿಷಯ ಇದಲ್ಲ.

2023ರ ಡಿಸೆಂಬರ್ ನೆನಪಿದೆಯೇ? ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಬಯಲಾಯಿತು. ಅದೇ ತಿಂಗಳು ಬೆಂಗಳೂರಿನ ಅಂದ್ರಹಳ್ಳಿಯ ಸರ್ಕಾರಿ ಶಾಲೆಯ ಮಕ್ಕಳು ಶೌಚಾಲಯ ತೊಳೆಯುತ್ತಿರುವ ವಿಡಿಯೊ ಮನೆಮನೆಯ ಮೊಬೈಲಿಗೂ ಬಂತು. ಅದಕ್ಕೆ ಒಂದು ವರ್ಷದ ಹಿಂದೆ ಪಕ್ಕದ ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿ ದಲಿತ ಮಕ್ಕಳ ಕೈಯಲ್ಲಿ ಕಕ್ಕಸು ತೊಳೆಸಿದ್ದಕ್ಕೆ ಮುಖ್ಯ ಶಿಕ್ಷಕಿಯೊಬ್ಬರ ಬಂಧನವಾಗಿತ್ತು. ಮಾಲೂರಿನಲ್ಲಿ ಕಾನೂನು ಇರಲಿಲ್ಲವೇ? 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆ ಇತ್ತು, ದೌರ್ಜನ್ಯ ತಡೆ ಕಾಯ್ದೆ ಇತ್ತು, ಬಾಲನ್ಯಾಯ ಕಾಯ್ದೆಯೂ ಇತ್ತು. ಮಲದ ಗುಂಡಿಯೂ ಇತ್ತು, ಅದರೊಳಗೆ ಮಕ್ಕಳೂ ಇದ್ದರು.

ಇಂಥ ಸುದ್ದಿ ಬಂದಾಗಲೆಲ್ಲ ನಾವು ಅವಮಾನದ ಬಗ್ಗೆ ಮಾತಾಡುತ್ತೇವೆ. ಮಾತಾಡಲೇಬೇಕು. ಆದರೆ ಆ ಮಗುವಿನ ಪುಪ್ಪುಸದ ಬಗ್ಗೆ ಮಾತಾಡುವವರು ಕಡಿಮೆ. ಆ ನಾಲ್ಕಡಿ ಕಕ್ಕಸು ಕೋಣೆಯಲ್ಲಿ ಏನಾಗುತ್ತದೆ ಎಂದು ಸ್ವಲ್ಪ ನೋಡೋಣ. ನೀರಿಲ್ಲದ ಶಾಲೆ, ವಾರಗಟ್ಟಲೆ ಕಟ್ಟಿದ ಕಲೆ. ಮೊದಲು ಆಸಿಡ್ ಸುರಿಯುತ್ತಾರೆ. ಅದು ಹೈಡ್ರೋಕ್ಲೋರಿಕ್ ಆಮ್ಲ. ಕಲೆ ಹೋಯಿತು, ವಾಸನೆ ಹೋಗಲಿಲ್ಲ. ಅದರ ಮೇಲೆ ಒಂದು ಹಿಡಿ ಬ್ಲೀಚಿಂಗ್ ಪೌಡರ್ ಎರಚುತ್ತಾರೆ. ಆಮ್ಲವೂ ಬ್ಲೀಚಿಂಗ್ ಪೌಡರೂ ಕೂಡಿದರೆ ಹುಟ್ಟುವುದು ಕ್ಲೋರಿನ್ ಅನಿಲ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಎಂಬಲ್ಲಿ ಜರ್ಮನ್ ಸೈನ್ಯ ಶತ್ರುವಿನ ಕಂದಕಗಳ ಕಡೆಗೆ ಗಾಳಿಗೆ ಬಿಟ್ಟದ್ದು ಇದೇ ಅನಿಲವನ್ನು. ಪ್ರಮಾಣ ಬೇರೆ, ವಸ್ತು ಅದೇ. ಆಸಿಡ್ ಇಲ್ಲದೆ ಮೂತ್ರ ಕಟ್ಟಿನಿಂತ ಜಾಗಕ್ಕೆ ಬ್ಲೀಚಿಂಗ್ ಹಾಕಿದರೂ ಕ್ಷೇಮವೇನಲ್ಲ. ಮೂತ್ರದ ಅಮೋನಿಯಾ ಜೊತೆ ಸೇರಿ ಕ್ಲೋರಮೈನ್ ಏಳುತ್ತದೆ, ಕಣ್ಣು ಉರಿಯುತ್ತದೆ, ಎದೆ ಹಿಡಿದುಕೊಳ್ಳುತ್ತದೆ.

ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಅದು ಮೇಲಕ್ಕೆ ಏರಿ ಹೋಗದೆ ನೆಲಕ್ಕೆ ಇಳಿದು ನಿಲ್ಲುತ್ತದೆ. ಬಾಗಿಲಲ್ಲಿ ನಿಂತು "ಇನ್ನೂ ಉಜ್ಜೋ" ಎನ್ನುವವರ ಮೂಗು ಐದಡಿ ಮೇಲಿದೆ. ಕುಕ್ಕರಗಾಲಲ್ಲಿ ಕೂತು ಬ್ರಷ್ ಹಿಡಿದ ಮಗುವಿನ ಮೂಗು ಇರುವುದು ಅನಿಲ ನಿಂತಲ್ಲೇ. ಮೈತೂಕಕ್ಕೆ ಹೋಲಿಸಿದರೆ ಮಗು ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಅದರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಮನೆಗೆ ಹೋಗಿ ರಾತ್ರಿಯಿಡೀ ಕೆಮ್ಮಿದರೆ ಅಮ್ಮ "ಶೀತ ಆಗಿದೆ" ಎಂದುಕೊಂಡು ಕಷಾಯ ಕಾಯಿಸುತ್ತಾಳೆ.

ಇನ್ನು, ಯಾವ ಮಗು ಎಂಬ ಪ್ರಶ್ನೆ. ಹಾಜರಿ ಪುಸ್ತಕದಲ್ಲಿ ಹೆಸರಿನ ಜೊತೆ ಜಾತಿಯೂ ಇರುತ್ತದೆ, ಮೇಷ್ಟ್ರ ತಲೆಯಲ್ಲಂತೂ ಖಂಡಿತ ಇರುತ್ತದೆ. ಕಂಪ್ಯೂಟರ್ ಆನ್ ಮಾಡಲು ಒಬ್ಬನನ್ನು ಕರೆಯುತ್ತಾರೆ, ಬಂದ ಅತಿಥಿಗೆ ನೀರು ಕೊಡಲು ಇನ್ನೊಬ್ಬಳನ್ನು, ಕಕ್ಕಸಿಗೆ ಆಸಿಡ್ ಹಾಕಲು ಮತ್ತೊಬ್ಬನನ್ನು. ಈ ಮೂವರ ಜಾತಿ ಹೇಳಿ ಎಂದರೆ ಯಾವ ಊರಿನ ಮಗುವೂ ಕಣ್ಣು ಮುಚ್ಚಿಕೊಂಡು ಹೇಳುತ್ತದೆ. ಅಂಬೇಡ್ಕರ್ ಓದಿದ ಶಾಲೆಯಲ್ಲಿ ಜವಾನ ಬಂದು ನಲ್ಲಿ ತಿರುಗಿಸಿದರೆ ಮಾತ್ರ ಅವರಿಗೆ ನೀರು. ನೂರು ವರ್ಷ ದಾಟಿದ ಮೇಲೆ ಆ ಶಾಲೆ ಇಷ್ಟು ಬದಲಾಗಿದೆ: ಮಗುವಿಗೆ ನಲ್ಲಿ ಮುಟ್ಟಲು ಬಿಟ್ಟಿದ್ದಾರೆ, ಕಕ್ಕಸಿಗೆ ನೀರು ಹೊರಲು.

ಇಷ್ಟು ಹೇಳಿದರೆ ಸಾಕು, ಯಾರಾದರೂ ಒಬ್ಬರು ಎದ್ದು ನಿಲ್ಲುತ್ತಾರೆ: "ಜಪಾನಿನಲ್ಲಿ ಮಕ್ಕಳೇ ಶಾಲೆ ತೊಳೀತಾರೆ ಗೊತ್ತಾ ಸಾರ್? ಶ್ರಮದ ಗೌರವ ಕಲೀಬೇಕು." ಗೊತ್ತು ಸ್ವಾಮಿ. ಅಲ್ಲಿ ಎಲ್ಲ ಮಕ್ಕಳೂ ಸರದಿಯ ಮೇಲೆ ಮಾಡುತ್ತಾರೆ, ಪೊರಕೆ, ಬಟ್ಟೆ, ನೀರು ಹಿಡಿದು. ತನ್ನ ತರಗತಿಯ ಕಸವನ್ನು ಮಗು ತಾನೇ ಗುಡಿಸುವುದಕ್ಕೆ ನನ್ನ ತಕರಾರು ಇಲ್ಲ. ಜಪಾನಿನ ಉದಾಹರಣೆ ಕೊಡುವ ಮಹಾನುಭಾವರ ಮಗ ಯಾವ ಶಾಲೆಯಲ್ಲಿದ್ದಾನೆ, ಅಲ್ಲಿ ಅವನ ಸರದಿ ಯಾವತ್ತು, ಅವನ ಕೈಯಲ್ಲಿ ಯಾವ ಬಾಟ್ಲಿ? ಶ್ರಮದ ಗೌರವ ಎಂಬ ಪಾಠ ನಮ್ಮಲ್ಲಿ ಸರ್ಕಾರಿ ಶಾಲೆಯ ಸಿಲಬಸ್ಸಿನಲ್ಲಿ ಮಾತ್ರ ಇದೆ.

ಈಗ ಕಕ್ಕಸು ಬಿಟ್ಟು ತರಗತಿಗೆ ಬನ್ನಿ. ಬೆಳಿಗ್ಗೆ ಫಿನಾಯಿಲ್ ಹಾಕಿ ಒರೆಸಿದ ನೆಲ. ಮೂಗಿಗೆ ಘಾಟು ಹೊಡೆದರೆ "ಆಹಾ, ಕ್ಲೀನು" ಎನ್ನುವ ಜನ ನಾವು. ಒಂದರಿಂದ ಮೂರನೇ ತರಗತಿಯ ನಲಿ-ಕಲಿ ಮಕ್ಕಳು ಬೆಂಚಿನ ಮೇಲೆ ಕೂರುವುದಿಲ್ಲ; ಗುಂಪು ಗುಂಪಾಗಿ ಆ ನೆಲದ ಮೇಲೇ ಕೂತು, ಅಂಗೈ ಊರಿ, ಅದೇ ಕೈಯನ್ನು ಬಾಯಿಗೆ ಹಾಕಿಕೊಂಡು ಅ ಆ ಇ ಈ ಕಲಿಯುತ್ತಾರೆ. ಮಧ್ಯಾಹ್ನ ಅದೇ ಫಿನಾಯಿಲ್ ಒರೆಸಿದ ಪಡಸಾಲೆಯಲ್ಲಿ ತಟ್ಟೆ ಇಟ್ಟುಕೊಂಡು ಬಿಸಿಯೂಟ. ಫಿನಾಯಿಲ್ ಅಂದರೆ ಏನು? ಕಪ್ಪು ಫಿನಾಯಿಲ್ ಕಲ್ಲಿದ್ದಲ ಟಾರಿನಿಂದ ಬಂದ ಫೀನಾಲ್ ಜಾತಿಯ ರಾಸಾಯನಿಕಗಳದ್ದು. 1867ರಲ್ಲಿ ಜೋಸೆಫ್ ಲಿಸ್ಟರ್ ಕಾರ್ಬಾಲಿಕ್ ಆಮ್ಲದಿಂದ ಗಾಯಗಳ ಕೀವು ತಡೆದದ್ದನ್ನು ಪ್ರಕಟಿಸಿದನಲ್ಲ, ಅದೇ ವಂಶ. ಅವನು ಅದನ್ನು ಬಳಸಿದ್ದು ಮೂಳೆ ಮುರಿದು ಕೊಳೆಯುತ್ತಿದ್ದ ಕಾಲಿಗೆ, ಅಕ್ಷರ ಕಲಿಯುವ ಮಗುವಿನ ಚಾಪೆಗಲ್ಲ. 1970ರ ದಶಕದಲ್ಲಿ ಅಮೆರಿಕದ ಆಸ್ಪತ್ರೆಗಳಲ್ಲಿ ಫೀನಾಲ್ ದ್ರಾವಣದಿಂದ ತೊಟ್ಟಿಲು ಒರೆಸಿದ ಕಡೆ ನವಜಾತ ಶಿಶುಗಳಿಗೆ ಕಾಮಾಲೆ ಏರಿದ್ದು ಕಂಡುಬಂತು. ಅಂದಿನಿಂದ ಮಗು ಮಲಗುವ ಜಾಗಕ್ಕೆ ಅದನ್ನು ಹಾಕಬೇಡಿ ಎಂಬ ಎಚ್ಚರಿಕೆ ಇದೆ. ನಮ್ಮ ಅಂಗನವಾಡಿಯಲ್ಲಿ ಮಕ್ಕಳು ಮಧ್ಯಾಹ್ನ ಮಲಗುವುದು ಎಲ್ಲಿ?

ನಮ್ಮ ಕಾನೂನಿನ ಒಂದು ತಮಾಷೆ ಕೇಳಿ. ಫಿನಾಯಿಲ್ಲಿನ ಗುಣಮಟ್ಟ ಬರೆದಿರುವುದು ಔಷಧ ನಿಯಮಾವಳಿಯ ಶೆಡ್ಯೂಲ್ ಓ ಎಂಬಲ್ಲಿ. ಅಂದರೆ ಸರ್ಕಾರದ ಕಣ್ಣಿಗೆ ಅದು ಔಷಧದ ಸಾಲಿನ ವಸ್ತು. ಅದರ ತಾಕತ್ತಿಗೆ ಗ್ರೇಡುಗಳಿವೆ, ಲೇಬಲ್ ಹೇಗಿರಬೇಕು ಎಂದಿದೆ. ಊರಿಗೆ ಬರುವುದು ಮಾತ್ರ ಟಿವಿಎಸ್ ಮೇಲೆ ಕ್ಯಾನು ಕಟ್ಟಿಕೊಂಡು. ಶಾಲೆಯವರು ಲೀಟರ್ ಲೆಕ್ಕದಲ್ಲಿ ಖಾಲಿ ಕೂಲ್‌ಡ್ರಿಂಕ್ಸ್ ಬಾಟ್ಲಿಗೆ ಹುಯ್ಯಿಸಿಕೊಳ್ಳುತ್ತಾರೆ. ನೀರಿಗೆ ಹಾಕಿದ ಬಿಳಿ ಫಿನಾಯಿಲ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಬೆಳಿಗ್ಗೆ ಕ್ಷೀರಭಾಗ್ಯದ ಹಾಲು ಕುಡಿಯುವ ಮಗುವಿನ ಮುಂದೆ ಅದನ್ನು ಗುರುತಿಲ್ಲದ ಬಾಟ್ಲಿಯಲ್ಲಿ ಇಡುವ ಧೈರ್ಯ ಯಾರಿಗೆ ಬರುತ್ತದೋ ತಿಳಿಯದು. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಹಳ್ಳಿಯಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತರು. ಅಡುಗೆ ಎಣ್ಣೆಯಲ್ಲಿ ಮೋನೊಕ್ರೊಟೋಫಾಸ್ ಎಂಬ ಕೀಟನಾಶಕ ಇತ್ತು. ವಿಷದ ಡಬ್ಬಕ್ಕೂ ಊಟದ ಡಬ್ಬಕ್ಕೂ ನಡುವೆ ಇರಬೇಕಾದ ಗೋಡೆ ಇಲ್ಲದಿದ್ದರೆ ಏನಾಗುತ್ತದೆ ಎಂದು ತಿಳಿಯಲು ಇನ್ನೊಂದು ಗಂಡಾಮನ್ ಬೇಕೇ?

ಮಗು ಆಸಿಡ್ಡನ್ನೋ ಫಿನಾಯಿಲ್ಲನ್ನೋ ಕುಡಿದರೆ ಉಪ್ಪುನೀರು, ಸೋಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಇಳಿಯುವಾಗ ಗಂಟಲು ಸುಟ್ಟ ಆಸಿಡ್ ಹತ್ತುವಾಗಲೂ ಸುಡುತ್ತದೆ. ಫಿನಾಯಿಲ್ಲಿನ ಎಣ್ಣೆ ಶ್ವಾಸನಾಳಕ್ಕೆ ಇಳಿದರೆ ಇನ್ನೂ ಕಷ್ಟ. ಬಾಟ್ಲಿಯನ್ನೂ ಕೈಯಲ್ಲಿ ಹಿಡಿದುಕೊಂಡು 108ಕ್ಕೆ ಹತ್ತಿ. ಇದನ್ನು ಯಾವ ಶಾಲೆಯ ಗೋಡೆಯ ಮೇಲೂ ಬರೆದದ್ದು ನಾನು ಕಂಡಿಲ್ಲ. ಸ್ವಚ್ಛತೆಯೇ ದೇವರು ಎಂಬುದನ್ನು ಮಾತ್ರ ದಪ್ಪಕ್ಷರದಲ್ಲಿ ಬರೆದಿರುತ್ತಾರೆ.

ಕೊರೊನಾ ಬಂದು ರಾಸಾಯನಿಕ ಸುರಿಯುವ ಈ ಹುಚ್ಚಿಗೆ ಸರ್ಕಾರಿ ಮೊಹರು ಒತ್ತಿತು. 2020ರ ಮಾರ್ಚಿನಲ್ಲಿ ಉತ್ತರಪ್ರದೇಶದ ಬರೇಲಿಯಲ್ಲಿ ಊರಿಗೆ ಮರಳಿದ ಕೂಲಿಕಾರರನ್ನು ರಸ್ತೆಯಲ್ಲಿ ಕೂರಿಸಿ, ಮಕ್ಕಳೂ ಸೇರಿದಂತೆ, ಪೈಪಿನಲ್ಲಿ ಸೋಂಕುನಾಶಕ ಹೊಡೆದರು. ಏಪ್ರಿಲ್‌ನಲ್ಲಿ ಕೇಂದ್ರ ಆರೋಗ್ಯ ಇಲಾಖೆಯೇ, ಮನುಷ್ಯರ ಮೇಲೆ ಸಿಂಪಡಿಸಬೇಡಿ, ಹಾನಿಕರ ಎಂದಿತು. ಆದರೆ ಅಭ್ಯಾಸ ಉಳಿಯಿತು. ನಮ್ಮಲ್ಲಿ 2021ರ ಅಕ್ಟೋಬರ್ 25ರಂದು ಒಂದರಿಂದ ಐದನೇ ತರಗತಿ ಮತ್ತೆ ತೆರೆದಾಗ ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡು ಬೆಂಚು, ಗೋಡೆಗಳಿಗೆಲ್ಲ ಹೈಪೋಕ್ಲೋರೈಟ್ ಹೊಡೆದು ಫೋಟೊ ತೆಗೆಸಿಕೊಂಡವರಿಗೆ ಲೆಕ್ಕವಿಲ್ಲ. ಕೊಳೆ ತೊಳೆಯದೆ ಕ್ಲೋರಿನ್ ಹೊಡೆದರೆ ಆ ಕೊಳೆಯೇ ಕ್ಲೋರಿನ್ನನ್ನು ತಿಂದುಹಾಕುತ್ತದೆ, ಕ್ರಿಮಿ ಉಳಿಯುತ್ತದೆ. ಮೊದಲು ಸೋಪು, ನೀರು. ಆಮೇಲೆ ಬೇಕಾದ ಕಡೆ ಮಾತ್ರ ಸೋಂಕುನಾಶಕ. ತರಗತಿಯ ನೆಲಕ್ಕೆ ದಿನನಿತ್ಯ ಸೋಪುನೀರು ಸಾಕು. ಕಕ್ಕಸಿಗೆ ನೀರಿದ್ದರೆ ಅಲ್ಲಿಯೂ ಆಸಿಡ್ ಬೇಕಾಗುವುದಿಲ್ಲ. ನೀರು ಕೊಡಲಾಗದ ಸರ್ಕಾರ ಆಸಿಡ್ ಕೊಡುತ್ತಿದೆ.

ಲಕ್ಷಗಟ್ಟಲೆ ಫೀಸಿನ ಶಾಲೆಗಳ ಪೋಷಕರು ಬೀಗಬೇಕಾಗಿಲ್ಲ. ಅಲ್ಲಿ ಫಿನಾಯಿಲ್ ಬದಲು ನಿಂಬೆ, ಲ್ಯಾವೆಂಡರ್ ವಾಸನೆಯ ಬೆಂಜಾಲ್ಕೋನಿಯಂ ಕ್ಲೋರೈಡ್ ಇದೆ, ಎಸಿ ಕೋಣೆಯ ಕಿಟಕಿ ಮುಚ್ಚಿದೆ. ಆ ಜಾತಿಯ ರಾಸಾಯನಿಕಗಳು ಸ್ವಚ್ಛತಾ ಕೆಲಸಗಾರರಿಗೆ ಆಸ್ತಮಾ ತರುತ್ತವೆ ಎಂಬುದು ವೈದ್ಯರಿಗೆ ಗೊತ್ತಿರುವ ವಿಷಯ. ಗುತ್ತಿಗೆಯ ಆಯಾ ಗ್ಲೌಸಿಲ್ಲದ ಕೈಯಲ್ಲಿ ಒರೆಸುತ್ತಾಳೆ, ಅವಳ ಮಗಳು ಸರ್ಕಾರಿ ಶಾಲೆಯಲ್ಲಿ ಆಸಿಡ್ ಹಿಡಿದಿರುತ್ತಾಳೆ.

ದುಡ್ಡಿನ ಲೆಕ್ಕಕ್ಕೆ ಬರೋಣ. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನದಲ್ಲಿ ನೂರು ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 25,000 ರೂಪಾಯಿ. ಮಕ್ಕಳು ಮೂವತ್ತು ಮೀರದಿದ್ದರೆ 10,000. ಅದರಲ್ಲಿ ಕನಿಷ್ಠ ಶೇ 10ರಷ್ಟನ್ನು ಸ್ವಚ್ಛತೆಗೆ ಇಡಬೇಕು. ಅಂದರೆ ನೂರು ಮಕ್ಕಳ ಶಾಲೆಗೆ 2,500 ರೂಪಾಯಿ. 220 ದಿನದ ಶಾಲೆಗೆ ಹಂಚಿದರೆ ದಿನಕ್ಕೆ ಹನ್ನೊಂದು ರೂಪಾಯಿ ಚಿಲ್ಲರೆ. ಒಂದು ಲೋಟ ಕಾಫಿಯ ದುಡ್ಡಿನಲ್ಲಿ ನೂರು ಮಕ್ಕಳ ಕಕ್ಕಸು ತೊಳೆಯಬೇಕು! ಬಹುಪಾಲು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಅದನ್ನು ತೊಳೆಯಲು ಒಂದು ಹುದ್ದೆಯೇ ಇಲ್ಲ. "ನನ್ನ ಸಂಬಳದಲ್ಲೇ ಪೊರಕೆ ತರ್ತೀನಿ, ಬಗ್ಗಿ ತೊಳೆಯೋದು ಯಾರು ಹೇಳಿ?" ಎಂದು ಮುಖ್ಯ ಶಿಕ್ಷಕಿ ಕೇಳಿದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಹತ್ತಿರ ಉತ್ತರವಿಲ್ಲ. ಆ ಪ್ರಶ್ನೆ ನಿಜ. ಹಾಗಂತ ದಲಿತ ಕೇರಿಯ ಮಗುವಿನ ಹೆಸರು ಕೂಗಿದ್ದಕ್ಕೆ ಅದು ಸಮರ್ಥನೆಯಲ್ಲ.

ವಿಡಿಯೊ ಹರಿದಾಡಿದ ಮೇಲೆ ಏನಾಗುತ್ತದೆ? ಅಮಾನತು. ಆ ಅಮಾನತು ಆದೇಶವೂ ಒಂದು ಬಗೆಯ ಫಿನಾಯಿಲ್ಲೇ: ಎರಡು ದಿನ ಘಾಟು, ಮೂರನೇ ದಿನ ಅದೇ ನಾತ. ಹುದ್ದೆ ಸೃಷ್ಟಿಸದ ಹಣಕಾಸು ಇಲಾಖೆಯನ್ನು, ನೀರಿನ ಸಂಪರ್ಕ ಕೊಡದ ಅಧಿಕಾರಿಯನ್ನು ಯಾರೂ ಅಮಾನತು ಮಾಡುವುದಿಲ್ಲ. ಸಾಹೇಬರು ಬರುವ ದಿನ ಗೇಟಿನಿಂದ ಆಫೀಸಿನವರೆಗೆ ಎರಡೂ ಬದಿ ಬ್ಲೀಚಿಂಗ್ ಪೌಡರಿನ ಬಿಳಿ ಗೆರೆ ಎಳೆಯುತ್ತಾರೆ. ಅದನ್ನು ಎಳೆಯುವುದೂ ಮಕ್ಕಳೇ. ಸಾಹೇಬರು ಆ ಗೆರೆಗಳ ನಡುವೆ ನಡೆದು ಬಂದು ಹಾರ ಹಾಕಿಸಿಕೊಳ್ಳುತ್ತಾರೆ; ಕಕ್ಕಸಿನ ಕಡೆ ತಲೆ ಹಾಕುವುದಿಲ್ಲ.

2013ರ ಜುಲೈ 18ರಂದು, ಆಸಿಡ್ ದಾಳಿಗೆ ಒಳಗಾದ ಲಕ್ಷ್ಮಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಆದೇಶ ಕೊಟ್ಟಿತು. ಹದಿನೆಂಟು ತುಂಬದವರಿಗೆ ಆಸಿಡ್ ಮಾರಬಾರದು. ಆಸಿಡ್ ಇಟ್ಟುಕೊಳ್ಳುವ ಶಿಕ್ಷಣ ಸಂಸ್ಥೆ ಅದರ ಬಳಕೆಗೆ ರಿಜಿಸ್ಟರ್ ಇಡಬೇಕು, ಅದನ್ನು ಉಪವಿಭಾಗಾಧಿಕಾರಿಗೆ ಸಲ್ಲಿಸಬೇಕು, ಒಬ್ಬ ವ್ಯಕ್ತಿ ಹೊಣೆ ಹೊರಬೇಕು. ಅಕ್ಕಿಗೆ, ಬೇಳೆಗೆ, ಮೊಟ್ಟೆಗೆ, ಹಾಲಿನ ಪುಡಿಗೆ ರಿಜಿಸ್ಟರ್ ಬರೆದು ಬರೆದು ಬೆರಳು ಸವೆಸಿಕೊಂಡಿರುವ ಶಾಲೆಗಳಲ್ಲಿ ಆಸಿಡ್ ರಿಜಿಸ್ಟರ್ ಎಲ್ಲಿದೆ? ಹತ್ತು ವರ್ಷದ ಮಗು ಅಂಗಡಿಯಲ್ಲಿ ಕೊಳ್ಳಬಾರದ ವಸ್ತುವನ್ನು ಶಾಲೆಯಲ್ಲಿ ಸುರಿಯಬಹುದು ಎಂದು ಯಾವ ಕೋರ್ಟು ಹೇಳಿದೆ?

ತಂದೆತಾಯಂದಿರೇ, ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ನಾಲ್ಕರಲ್ಲಿ ಮೂರು ಪಾಲು ಸ್ಥಾನ ನಿಮ್ಮದು. ಮುಂದಿನ ಸಭೆಗೆ ಕೂಲಿ ಬಿಟ್ಟಾದರೂ ಹೋಗಿ. ಈ ಶಾಲೆಯ ಕಕ್ಕಸನ್ನು ನಿನ್ನೆ ತೊಳೆದವರ ಹೆಸರೇನು, ಅವರಿಗೆ ಕೊಟ್ಟ ಕೂಲಿ ಎಷ್ಟು, ಆಸಿಡ್ ರಿಜಿಸ್ಟರ್ ಎಲ್ಲಿ ಎಂದು ಕೇಳಿ. ತೊಳೆಯಲು ಸಂಬಳದ ಒಬ್ಬ ಕೆಲಸಗಾರರನ್ನು, ಅವರಿಗೆ ಗ್ಲೌಸು, ಬೂಟನ್ನು, ಕಕ್ಕಸಿಗೆ ನಲ್ಲಿ ನೀರನ್ನು ಕೊಡಿ ಎಂದು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿ. ಅದರ ಪ್ರತಿಯನ್ನು ಬಿಇಒ ಕಚೇರಿಗೆ ಕೊಟ್ಟು, ಮೊಹರು ಒತ್ತಿದ ಸ್ವೀಕೃತಿ ತೆಗೆದುಕೊಳ್ಳದೆ ಅಲ್ಲಿಂದ ಏಳಬೇಡಿ.