ನಿಷ್ಠೆಯ ಎರಡು ಪರೀಕ್ಷೆಗಳು

ಕಷ್ಟದಲ್ಲಿ ದೇವರನ್ನು ನೆನೆಯುವುದು ಸುಲಭ, ಸುಖದಲ್ಲಿ ನೆನೆಯುವುದೇ ಕಠಿಣ ಎಂದು ನಮ್ಮ ಹಿರಿಯರು ಹೇಳುವುದುಂಟು. ಇದು ಅರ್ಧ ಸತ್ಯವೆಂದು ನನ್ನ ಭಾವನೆ. ಕಷ್ಟದಲ್ಲಿ ಮನಸ್ಸಿನೊಳಗೆ ದೇವರನ್ನು ನೆನೆಯುವುದು ಸುಲಭವಿರಬಹುದು. ಅವನ ಹೆಸರನ್ನು ನಾಲ್ವರೆದುರಿಗೆ ಹೇಳುವುದು ಸುಲಭವಲ್ಲ.

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಕಡೆಯ ನಾವು ಕ್ರೈಸ್ತರಲ್ಲಿ ಅನೇಕರು ದಲಿತ ಮನೆತನಗಳಿಂದ ಬಂದವರು. ಮಳೆಯನ್ನೇ ನಂಬಿದ ತೊಗರಿಯ ಹೊಲದಲ್ಲಿಯೋ, ಶಹಾಬಾದದ ಫರಸಿ ಕಲ್ಲಿನ ಗಣಿಯಲ್ಲಿಯೋ ಕೂಲಿ ಮಾಡಿ ಬಾಳುವವರು. ಇಂಥವರ ಮಗನೋ ಮಗಳೋ ಕಾಲೇಜು ಸೇರುವಾಗ ಅರ್ಜಿಯಲ್ಲಿ ಒಂದು ಅಂಕಣ ಎದುರಾಗುತ್ತದೆ: ಧರ್ಮ ಯಾವುದು?

1950ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಸ್ಥಾನವನ್ನು ಧರ್ಮದೊಡನೆ ಕಟ್ಟಿಹಾಕಿತು. 1956ರಲ್ಲಿ ಸಿಖ್ಖರಿಗೂ, 1990ರಲ್ಲಿ ಬೌದ್ಧರಿಗೂ ಅದರಲ್ಲಿ ಎಡೆ ದೊರೆಯಿತು, ಕ್ರೈಸ್ತರಿಗೆ ದೊರೆಯಲಿಲ್ಲ. ಕ್ರೈಸ್ತಧರ್ಮವನ್ನು ಆಚರಿಸುತ್ತ, ಕೇವಲ ನೌಕರಿಯ ಮೀಸಲಾತಿಗಾಗಿ ಹಿಂದೂ ಎಂದು ಹೇಳಿಕೊಳ್ಳುವುದು ಸಲ್ಲದೆಂದು ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರಿನಲ್ಲಿ ತೀರ್ಪಿತ್ತಿತು. ದೀಕ್ಷಾಸ್ನಾನದಿಂದ ಊರಿನ ಅಸ್ಪೃಶ್ಯತೆ ತೊಲಗುವುದಿಲ್ಲ. ತೊಲಗುವುದು ಪರಿಶಿಷ್ಟರ ಶಿಷ್ಯವೇತನ ಮಾತ್ರ. ಈ ಕಾನೂನು ಬದಲಾಗಬೇಕೆಂದು ಕೇಳುವುದು ನ್ಯಾಯವೇ ಆಗಿದೆ.

ಆದರೆ ಬದಲಾಗುವವರೆಗೆ ಮಾಡುವುದೇನು? "ಅರ್ಜಿ ಎಂದರೆ ಕಾಗದ, ದೇವರು ಹೃದಯವನ್ನು ಬಲ್ಲ" ಎಂದು ಕೆಲವರು ಸಮಾಧಾನ ಹೇಳುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆದಿತ್ಯವಾರ ಒಂದು ಹೆಸರು, ಸೋಮವಾರ ಇನ್ನೊಂದು ಹೆಸರು ಇಟ್ಟುಕೊಂಡವನಿಗೆ ಕ್ರಮೇಣ ಎರಡೂ ಪರಕೀಯವಾಗುವುವು. ನಿಜವನ್ನೇ ಬರೆಯಬೇಕು. ಹಾಗೆಂದು, ಮಗಳ ಓದು ನಿಂತೀತೆಂಬ ಭಯದಿಂದ ಬೇರೆ ಬರೆಸಿದ ಬಡ ತಾಯಿಯ ಮೇಲೆ ಕಲ್ಲೆಸೆಯಲು ನಾನು ಸಿದ್ಧನಿಲ್ಲ. ಅವಳನ್ನು ಪ್ರಶ್ನಿಸುವ ಮುನ್ನ ನಮ್ಮಲ್ಲಿಯೇ ಸುಖವಾಗಿರುವವರನ್ನು ಪ್ರಶ್ನಿಸಬೇಕು.

ವಾಡಿಯ ರೈಲ್ವೆಯಲ್ಲಿ, ಸಿಮೆಂಟು ಕಾರ್ಖಾನೆಯಲ್ಲಿ, ಶಾಲೆಗಳಲ್ಲಿ, ಆಸ್ಪತ್ರೆಗಳಲ್ಲಿ ತಿಂಗಳ ಸಂಬಳ ಪಡೆಯುವ ಕ್ರೈಸ್ತರೂ ಇದ್ದಾರೆ. ಕ್ರಿಸ್ಮಸ್ಸಿನಲ್ಲಿ ದೇವಾಲಯಕ್ಕೆ ದೀಪಾಲಂಕಾರ ಮಾಡಿಸುತ್ತಾರೆ, ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಪೈಪೋಟಿಯಿಂದ ಹಣ ಕೂಗುತ್ತಾರೆ. ಇದು ಸಂತೋಷದ ಭಕ್ತಿ, ನಿಜ. ಆದರೆ ಪಕ್ಕದ ಮಣೆಯಲ್ಲಿ ಕುಳಿತವನ ಮಗನಿಗೆ ಫೀ ಕಟ್ಟಲು ದಾರಿಯಿಲ್ಲದಾಗ ಆ ದೀಪಗಳ ಬೆಲೆ ಎಷ್ಟು?

ಸೆರೆಮನೆಯಿಂದ ಫಿಲಿಪ್ಪಿಯ ಸಭೆಗೆ ಪತ್ರ ಬರೆದ ಪೌಲನು, ಸಮೃದ್ಧಿ ಕೊರತೆಗಳೆರಡರಲ್ಲಿಯೂ ಬಾಳಲು ತಾನು ಕಲಿತಿರುವುದಾಗಿ ತಿಳಿಸುತ್ತಾನೆ. ಆ ಪತ್ರದಲ್ಲಿಯೇ, ತನ್ನ ಸಂಕಟದಲ್ಲಿ ಪಾಲುಗಾರರಾಗಿ ನೆರವು ಕಳುಹಿಸಿದ್ದಕ್ಕೆ ಆ ಸಭೆಯನ್ನು ಮೆಚ್ಚುತ್ತಾನೆ. ಈ ಎರಡನೆಯ ಮಾತನ್ನು ನಾವು ಮರೆಯುತ್ತೇವೆ. ಕಷ್ಟದಲ್ಲಿರುವವನ ಧೈರ್ಯಕ್ಕೆ ಸುಖದಲ್ಲಿರುವವನ ಕೈ ಆಸರೆಯಾಗಬೇಕು. ಬಸವಣ್ಣನವರ ದಾಸೋಹ ತತ್ತ್ವವನ್ನು ಬಲ್ಲ ಈ ನಾಡಿನವರಿಗೆ ಇದು ಹೊಸ ಪಾಠವೇನೂ ಅಲ್ಲ.

ಆದುದರಿಂದ ನನ್ನ ಸಲಹೆ ಚಿಕ್ಕದು: ಪ್ರತಿಯೊಂದು ಸಭೆಯೂ ಸುಗ್ಗಿ ಹಬ್ಬದ ಕಾಣಿಕೆಯಲ್ಲಿ ಒಂದು ಪಾಲನ್ನು ವಿದ್ಯಾರ್ಥಿಗಳ ಫೀಸಿಗಾಗಿ ತೆಗೆದಿಡಲಿ, ಕಾಲೇಜು ತೆರೆಯುವ ಮೊದಲೇ ಅದು ಅವರ ಕೈಸೇರಲಿ. ಆಗ ಆ ಅಂಕಣದ ಮುಂದೆ ಕುಳಿತ ವಿದ್ಯಾರ್ಥಿಯು ನಿಜವನ್ನು ಬರೆಯಲು ಅಂಜಬೇಕಾಗಿಲ್ಲ.